ಆಕ್ಸಲ್ ಆಯಿಲ್‌ನಲ್ಲಿ ನೀರು, ಮ್ಯಾಗ್ನೆಟ್‌ನಲ್ಲಿ ಚಕ್ಕೆ: ಫ್ಲಶ್ ಮಾಡಿದರೆ ಸಾಕೇ, ಬಿಚ್ಚಲೇಬೇಕೇ?

ಪ್ರಶ್ನೆ

ನನ್ನದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್ ಗಾಡಿ. ಮ್ಯಾನುಯಲ್ ಗೇರ್‌ಬಾಕ್ಸ್, ಹಿಂದೆ ಮುಂದೆ ಎರಡೂ ಗಟ್ಟಿ ಆಕ್ಸಲ್, 1,10,000 ಕಿ.ಮೀ. ಓಡಿದೆ. ಮೂರು ವಾರದ ಹಿಂದೆ ಹೊಳೆ ದಾಟುವಾಗ ನೀರು ಹಬ್‌ಗಿಂತ ಮೇಲೆ ಬಂದಿತ್ತು. ಈಗ 50ರಿಂದ 70 ಕಿ.ಮೀ. ವೇಗದಲ್ಲಿ ಹಿಂದಿನಿಂದ ಕೂಗು ಕೇಳುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇನ್ನೂ ಜೋರಾಗುತ್ತದೆ. ಗಾಡಿ ಹೊರಡುವಾಗ 'ಟಕ್' ಎಂಬ ಸದ್ದೂ ಇದೆ. ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಇದ್ದು ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಜೋಡಣೆ) ಆಯಿಲ್ ಇಳಿಸಿದರೆ ಹಾಲು ಹಾಕಿದ ಕಾಫಿ ಬಣ್ಣ. ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್‌ಗೆ ಬೂದು ಜಿಡ್ಡಿನ ಜೊತೆ ಸುಮಾರು 3 ಮಿ.ಮೀ. ಅಗಲದ ಎರಡು ತೆಳು ಚಕ್ಕೆ ಅಂಟಿದ್ದವು. ಒಂದು ಬದಿ ಹೊಳಪು, ಇನ್ನೊಂದು ಬದಿ ಒರಟು. ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಕಳಿಸುವ ಪೆಟ್ಟಿಗೆ) ಆಯಿಲ್ ಕಪ್ಪಾಗಿದೆ, ಲೋಹ ಕಾಣಲಿಲ್ಲ. ಮುಂದಿನ ಆಕ್ಸಲ್‌ನಲ್ಲಿ ಆಯಿಲ್ ತಿಳಿಯಾಗಿದೆ, ಆದರೆ ಕಾಲು ಲೀಟರ್‌ನಷ್ಟು ಕಡಿಮೆ. ಕೆಳಗೆ ಎಲ್ಲೂ ತೊಟ್ಟಿಕ್ಕಿದ ಗುರುತಿಲ್ಲ. ಒಬ್ಬ ಮೆಕ್ಯಾನಿಕ್ ಫ್ಲಶ್ ಮಾಡಿ ಹೊಸ ಆಯಿಲ್ ಹಾಕಿ ಓಡಿಸಿ ಎನ್ನುತ್ತಾರೆ. ಇನ್ನೊಬ್ಬರು ಹಿಂದಿನ ಆಕ್ಸಲ್ ಪೂರ್ತಿ ಬದಲಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ

ಹಿಂದಿನ ಡಿಫರೆನ್ಷಿಯಲ್ ಬಿಚ್ಚಲೇಬೇಕು. ಫ್ಲಶ್ ಮಾಡಿ ಓಡಿಸಬೇಡಿ. ಆಕ್ಸಲ್ ಬದಲಿಸುವ ತೀರ್ಮಾನವನ್ನೂ ಈಗಲೇ ಮಾಡಬೇಡಿ. ನೀವು ಹೇಳಿದ ಮುಖ್ಯ ಲಕ್ಷಣಗಳು ಪಿನಿಯನ್ (ಎಂಜಿನ್ ಕಡೆಯಿಂದ ಶಕ್ತಿ ತರುವ ಸಣ್ಣ ಗೇರ್) ಬೇರಿಂಗ್ ಕಡೆ ಬೆರಳು ತೋರಿಸುತ್ತಿವೆ. ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ಮತ್ತು ಪಿನಿಯನ್ ಹಲ್ಲುಗಳು ಇನ್ನೂ ಚೆನ್ನಾಗಿದ್ದರೆ ಬೇರಿಂಗ್, ಸೀಲ್‌ಗಳಲ್ಲೇ ಕೆಲಸ ಮುಗಿಯುತ್ತದೆ. ಹೀಗೆಯೇ ಇನ್ನಷ್ಟು ಓಡಿಸಿದರೆ ಹಲ್ಲುಗಳೂ ಹೋಗುತ್ತವೆ.

ಆಯಿಲ್ ನೋಡಿ ರೋಗ ಕಂಡುಹಿಡಿಯುವಾಗ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಓದಬೇಕು. ಬಣ್ಣದಿಂದ ಹೊರಗಿನಿಂದ ಏನು ಸೇರಿದೆ, ಆಯಿಲ್ ಎಷ್ಟು ಹಳೆಯದಾಗಿದೆ ಎಂಬುದು ತಿಳಿಯುತ್ತದೆ. ಒಳಗೆ ಏನು ಮುರಿಯುತ್ತಿದೆ ಎಂಬುದು ತಿಳಿಯುವುದು ಲೋಹದ ಚೂರುಗಳಿಂದ. ಬಣ್ಣ ನೋಡಿ ಹೆದರುವವರು ಬಹಳ, ಚೂರುಗಳನ್ನು ಸರಿಯಾಗಿ ನೋಡುವವರು ಕಡಿಮೆ. ನಿಮ್ಮ ಹಿಂದಿನ ಆಕ್ಸಲ್‌ನಲ್ಲಿ ಎರಡೂ ಕೆಟ್ಟಿವೆ. ಫ್ಲಶ್ ಮಾಡಿ ಎಂದವರು ಮೊದಲನೆಯದಕ್ಕೆ ಮಾತ್ರ ಮದ್ದು ಹೇಳಿದ್ದಾರೆ.

ಮೊದಲು ನೀರಿನ ವಿಷಯ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. 80 ಡಿಗ್ರಿಯಿಂದ 25 ಡಿಗ್ರಿಗೆ ಇಳಿದರೆ ಗಾಳಿಯ ಗಾತ್ರ ಸುಮಾರು ಶೇ. 15ರಷ್ಟು ಕಡಿಮೆಯಾಗುತ್ತದೆ. ಹೌಸಿಂಗ್ ಮತ್ತು ಎರಡು ಟ್ಯೂಬ್ ಸೇರಿ 4 ಲೀಟರ್ ಗಾಳಿ ಇದ್ದರೆ, ಆ ಜಾಗ ತುಂಬಲು ಅರ್ಧ ಲೀಟರ್‌ಗಿಂತ ಹೆಚ್ಚು ಏನಾದರೂ ಒಳಗೆ ಬರಬೇಕು. ಬ್ರೀದರ್ (ಆಕ್ಸಲ್ ಒಳಗೆ ಗಾಳಿ ಆಡಲು ಇರುವ ಸಣ್ಣ ನಳಿಕೆ) ತೆರೆದಿದ್ದು ನೀರಿನಿಂದ ಮೇಲಿದ್ದರೆ ಗಾಳಿ ಬರುತ್ತದೆ. ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ ಅಲ್ಲಿಂದಲೇ ನೀರು ಬರುತ್ತದೆ. ಅದು ಮಣ್ಣು ಕಟ್ಟಿ ಮುಚ್ಚಿಹೋಗಿದ್ದರೆ ಪಿನಿಯನ್ ಸೀಲ್ ಅಥವಾ ಹಬ್ ಕಡೆಯ ಸೀಲ್‌ಗಳ ತುಟಿಯನ್ನು ದಾಟಿ ಒಳಗೆ ಹೀರಿಕೊಳ್ಳುತ್ತದೆ. ಆಯಿಲ್ ಸೀಲ್‌ಗಳ ತುಟಿ ಒಳಗಿನ ಆಯಿಲ್ ಹೊರಗೆ ಹೋಗದಂತೆ ತಡೆಯಲು ಇರುವುದು. ಹೊರಗಿನಿಂದ ಬರುವ ಎಳೆತವನ್ನು ಅದು ಅಷ್ಟಾಗಿ ತಡೆಯುವುದಿಲ್ಲ.

ಮೂರು ವಾರ ನೀರು ಒಳಗೇ ಇದ್ದದ್ದು ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಸಂಗತಿ. ಬೇರಿಂಗ್‌ನ ರೋಲರ್ ಮತ್ತು ಕಪ್ (ರೋಲರ್ ಉರುಳುವ ಹೊರ ಬಳೆ) ನಡುವೆ ಇರುವ ಆಯಿಲ್ ಪದರ ಒಂದು ಮೈಕ್ರಾನ್‌ನ ಆಸುಪಾಸು ದಪ್ಪದ್ದು. ಅಲ್ಲಿ ನೀರಿನ ಹನಿ ಸಿಕ್ಕಿದರೆ ಪದರ ಹರಿದು ಉಕ್ಕಿಗೆ ಉಕ್ಕು ತಾಗುತ್ತದೆ. ಗಾಡಿ ನಿಂತಾಗ ರೋಲರ್‌ಗಳು ಕಪ್ ಮೇಲೆ ಕೂತ ಗೆರೆಗಳಲ್ಲೇ ತುಕ್ಕು ಹಿಡಿಯುತ್ತದೆ. ಬಿಚ್ಚಿದಾಗ ಕಪ್ ಒಳಗೆ ರೋಲರ್‌ಗಳ ನಡುವಿನ ಅಂತರದಲ್ಲೇ ಸಾಲಾಗಿ ಕಪ್ಪು ಗೆರೆ ಕಂಡರೆ ಅದು ನೀರಿನ ಗುರುತು. ಆ ಗೆರೆಯ ಅಂಚಿನಿಂದ ಬಿರುಕು ಹುಟ್ಟಿ ಮೇಲ್ಮೈ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಇದಕ್ಕೆ ನೀರು ಬಹಳ ಬೇಕಿಲ್ಲ, ಶೇ. 1ಕ್ಕಿಂತ ಕಡಿಮೆ ನೀರೂ ಬೇರಿಂಗ್ ಆಯುಸ್ಸನ್ನು ಗಣನೀಯವಾಗಿ ತಗ್ಗಿಸುತ್ತದೆ. ನೀರು ದಾಟಿದ ದಿನವೇ, ತಪ್ಪಿದರೆ ಮರುದಿನ, ಆಯಿಲ್ ಇಳಿಸಿ ಎಂದು ಒತ್ತಿ ಹೇಳುವುದು ಇದಕ್ಕೇ.

ಆಯಿಲ್ ಬಿಳಿಚಿಕೊಂಡ ಮಾತ್ರಕ್ಕೆ ನೀರು ಎಂದು ತೀರ್ಮಾನಿಸಲೂ ಬಾರದು. ಆಯಿಲ್ ಹೆಚ್ಚು ತುಂಬಿಸಿದ್ದರೆ ಕ್ರೌನ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಆಗಲೂ ಮಬ್ಬಾಗಿ ಕಾಣುತ್ತದೆ. ಗಾಜಿನ ಬಾಟಲಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಗುಳ್ಳೆ ಮೇಲೆ ಬಂದು ಬಣ್ಣ ತಿಳಿಯಾಗುತ್ತದೆ. ನೀರು ಬೆರೆತದ್ದು ಹಾಗೇ ಉಳಿಯುತ್ತದೆ, ಅಥವಾ ರಾತ್ರಿ ಕಳೆದ ಮೇಲೆ ತಳದಲ್ಲಿ ನೀರು ಬೇರೆಯಾಗಿ ನಿಲ್ಲುತ್ತದೆ. ಅನುಮಾನ ಉಳಿದರೆ ಬಯಲಿನಲ್ಲಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, 150 ಡಿಗ್ರಿ ಆಸುಪಾಸು ಕಾದ ಲೋಹದ ತಟ್ಟೆಯ ಮೇಲೆ ಒಂದೇ ಒಂದು ಹನಿ ಬಿಡಿ. ಚಟಪಟ ಎಂದು ಸಿಡಿದರೆ ನೀರಿದೆ. ಸುಮ್ಮನೆ ಹರಡಿಕೊಂಡು ಸ್ವಲ್ಪ ಹೊಗೆಯಾಡಿದರೆ ಇಲ್ಲ. ಕಣ್ಣಿಗೆ ಕಾಣದಷ್ಟು, ಅಂದರೆ ಶೇ. 0.1ರ ಸುತ್ತಮುತ್ತಲಿನ ನೀರೂ ಇದರಲ್ಲಿ ಗೊತ್ತಾಗುತ್ತದೆ.

ಮುಂದಿನ ಸಲ ಆಯಿಲ್ ಇಳಿಸುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಡ್ರೈನ್ ಪ್ಲಗ್‌ಗಿಂತ ಮೊದಲು ಫಿಲ್ಲರ್ ಪ್ಲಗ್ ಸಡಿಲಿಸಿ. ತುಕ್ಕು ಹಿಡಿದ ಫಿಲ್ಲರ್ ಬಿಚ್ಚಿಕೊಳ್ಳದಿದ್ದರೆ ಆಯಿಲ್ ಖಾಲಿಯಾದ ಆಕ್ಸಲ್ ಇಟ್ಟುಕೊಂಡು ಗಾಡಿ ನಿಂತಲ್ಲೇ ನಿಲ್ಲುತ್ತದೆ. ನೀರಿನ ಅನುಮಾನವಿದ್ದರೆ ಗಾಡಿಯನ್ನು ರಾತ್ರಿಯಿಡೀ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ತಣ್ಣಗಿರುವಾಗಲೇ ಡ್ರೈನ್ ಪ್ಲಗ್ ಒಂದೆರಡು ಸುತ್ತು ಸಡಿಲಿಸಿ. ಆಯಿಲ್‌ಗಿಂತ ಭಾರವಾದ ನೀರು ಮೊದಲು ಜಿನುಗುತ್ತದೆ. ಲೋಹದ ಅನುಮಾನವಿದ್ದರೆ ಇದಕ್ಕೆ ತದ್ವಿರುದ್ಧ: 15–20 ನಿಮಿಷ ಓಡಿಸಿ ಬಿಸಿ ಮಾಡಿ, ನಿಲ್ಲಿಸಿದ ಕೂಡಲೇ ಇಳಿಸಿ, ಚೂರುಗಳು ತಳಕ್ಕೆ ಕೂರುವ ಮೊದಲೇ ಆಯಿಲ್ ಜೊತೆ ಬರುತ್ತವೆ. ಯಾವ ರೀತಿಯಲ್ಲಿ ಇಳಿಸಿದರೂ ಮೊದಲ 100 ಮಿ.ಲೀ., ನಡುವಿನದು ಮತ್ತು ಕೊನೆಯದು ಮೂರನ್ನೂ ಬೇರೆ ಬೇರೆ ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಉಳಿದದ್ದನ್ನು ಸ್ವಚ್ಛ ಟ್ರೇಗೆ ಬಿಡಿ. ಹಳೆಯ ಟ್ರೇನಲ್ಲಿ ಹಿಂದಿನ ಕೆಲಸದ ಲೋಹದ ಪುಡಿ ಇದ್ದರೆ ನಿಮ್ಮ ಓದು ಪೂರ್ತಿ ತಪ್ಪಾಗುತ್ತದೆ.

ಇನ್ನು ಚೂರುಗಳು. ಇಳಿಸಿದ ಆಯಿಲ್‌ಗೆ ಅಷ್ಟೇ ಪ್ರಮಾಣದ ಸೀಮೆಎಣ್ಣೆ ಬೆರೆಸಿ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಕಾಗದ ಒಣಗಿದ ಮೇಲೆ ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಮ್ಯಾಗ್ನೆಟ್‌ನ ಜಿಡ್ಡನ್ನೂ ಹಾಗೇ ತೊಳೆದು ಇನ್ನೊಂದು ಕಾಗದದ ಮೇಲೆ ಹರಡಿ. ಬೆರಳಲ್ಲಿ ಉಜ್ಜಿದರೆ ನುಣ್ಣಗೆ ಹತ್ತುವ ಬೂದು ಜಿಡ್ಡು ಎಲ್ಲ ಡಿಫರೆನ್ಷಿಯಲ್‌ನಲ್ಲೂ ಇರುತ್ತದೆ. ಹಲ್ಲುಗಳು ಒಂದರ ಮೇಲೊಂದು ಜಾರುವಾಗ ಆಗುವ ಸವೆತ ಅದು. ಹೊಸ ಗಾಡಿಯ ಮೊದಲ ಬದಲಾವಣೆಯಲ್ಲಿ ಜಾಸ್ತಿಯೇ ಇರುತ್ತದೆ, ಕೆಲವು ಸಣ್ಣ ಸುರುಳಿ ಸಿಬಿರೂ ಸಿಗಬಹುದು. ಅದಕ್ಕೆಲ್ಲ ಗಾಬರಿ ಬೇಡ. 1,10,000 ಕಿ.ಮೀ. ಓಡಿದ ಗಾಡಿಯಲ್ಲಿ ಸುರುಳಿ ಸಿಬಿರು ಸಿಕ್ಕರೆ ಅದರ ಅರ್ಥವೇ ಬೇರೆ. ಮರಳು ಅಥವಾ ಗಟ್ಟಿ ಚೂರು ಹಲ್ಲುಗಳ ನಡುವೆ ಸಿಕ್ಕಿ ಉಕ್ಕನ್ನು ಕೆತ್ತುತ್ತಿದೆ ಎಂದು.

ನಿಮಗೆ ಸಿಕ್ಕ ಚಕ್ಕೆಗಳನ್ನು ಎಸೆಯಬೇಡಿ. ಒಂದು ಬದಿ ಹೊಳಪು, ಇನ್ನೊಂದು ಬದಿ ಒರಟು, ತೆಳು: ಇದು ಬೇರಿಂಗ್ ಮೇಲ್ಮೈ ಎದ್ದು ಬಂದ ಚಕ್ಕೆಯ ಸರಿಯಾದ ವರ್ಣನೆ. ಹೊಳಪು ಬದಿ ರೋಲರ್ ಉರುಳುತ್ತಿದ್ದ ಮುಖ, ಒರಟು ಬದಿ ಒಳಗಿನಿಂದ ಕಿತ್ತುಬಂದ ಮುಖ. ಹಲ್ಲಿನ ತುಂಡು ಹೀಗಿರುವುದಿಲ್ಲ. ಅದು ದಪ್ಪಗೆ, ಒಂದು ಕಡೆ ಚೂಪಾಗಿ, ಮುರಿದ ಮುಖದಲ್ಲಿ ಹರಳು ಹರಳಾದ ಬೂದು ಬಣ್ಣ ತೋರಿಸುತ್ತದೆ. ಹಲ್ಲಿನ ಮೇಲ್ಮೈಯಿಂದಲೂ ತೆಳು ಚಕ್ಕೆ ಏಳುವುದುಂಟು, ಆದ್ದರಿಂದ ಚಕ್ಕೆಯೊಂದನ್ನೇ ನಂಬಿ ತೀರ್ಪು ಕೊಡಬಾರದು. ಶಬ್ದವೂ ಪ್ಲೇಯೂ (ಭಾಗಗಳ ಸಡಿಲ ಅಲ್ಲಾಟ) ಅದಕ್ಕೆ ಒಪ್ಪಬೇಕು.

ಮ್ಯಾಗ್ನೆಟ್ ಹಿಡಿಯದ ಲೋಹಕ್ಕೂ ಮೂಲ ಇದೆ. ಹಳದಿ ಮಿನುಗು ಗೇರ್‌ಬಾಕ್ಸ್‌ನಲ್ಲಿ ಕಂಡರೆ ಸಿಂಕ್ರೊ ರಿಂಗ್‌ನದು (ಗೇರ್ ಬದಲಿಸುವಾಗ ವೇಗ ಹೊಂದಿಸುವ ಬಳೆ), ಡಿಫರೆನ್ಷಿಯಲ್‌ನಲ್ಲಿ ಕಂಡರೆ ಕೆಲವು ವಿನ್ಯಾಸಗಳಲ್ಲಿರುವ ಕಂಚಿನ ವಾಷರ್‌ನದು. ಬೆಳ್ಳಗೆ, ಹಗುರ, ಮ್ಯಾಗ್ನೆಟ್‌ಗೆ ಬಾರದ್ದು ಅಲ್ಯೂಮಿನಿಯಂ. ಟ್ರಾನ್ಸ್‌ಫರ್ ಕೇಸ್‌ನಲ್ಲಿ ಸಡಿಲ ಚೈನ್ ಗೋಡೆ ಉಜ್ಜುತ್ತಿದ್ದರೆ ಇದೇ ಬರುತ್ತದೆ. ಮ್ಯಾಗ್ನೆಟ್‌ಗೂ ಬಾರದೆ, ಹೊಳೆಯದೆ, ಎರಡು ಗಾಜಿನ ತುಂಡುಗಳ ನಡುವೆ ಉಜ್ಜಿದರೆ ಕಿರುಗುಟ್ಟಿ ಗೀರು ಬೀಳಿಸುವುದು ಮರಳು. ಮರಳಿನಲ್ಲಿರುವ ಸಿಲಿಕಾ ಗಟ್ಟಿ ಮಾಡಿದ ಬೇರಿಂಗ್ ಉಕ್ಕಿಗಿಂತಲೂ ಗಟ್ಟಿ. ಹೊಳೆ ನೀರು ಒಳಗೆ ಹೋದ ಕಡೆ ಮರಳೂ ಹೋಗಿರುತ್ತದೆ ಎಂದೇ ಎಣಿಸಿ. ನೀರನ್ನು ಇಳಿಸಬಹುದು. ಟ್ಯೂಬ್ ಒಳಗೆ ಕೆಸರಾಗಿ ಕೂತ ಮರಳು ಮಾತ್ರ ಫ್ಲಶ್ಶಿಂಗ್‌ಗೆ ಬಗ್ಗುವುದಿಲ್ಲ.

ಶಬ್ದಕ್ಕೆ ಬನ್ನಿ. ಟಯರ್ ಶಬ್ದ ರಸ್ತೆ ಬದಲಾದರೆ ಬದಲಾಗುತ್ತದೆ, ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಒಂದೇ. ನಿಮ್ಮದು ಕಾಲು ತೆಗೆದಾಗ ಜೋರಾಗುತ್ತದೆ ಎಂದರೆ ಟಯರ್ ಅಲ್ಲ. ಎಂಜಿನ್ ಗಾಡಿಯನ್ನು ಎಳೆಯುವಾಗ ಪಿನಿಯನ್ ಮೇಲಿನ ಒತ್ತಡ ಅದರ ತಲೆಯ ಕಡೆಯ ದೊಡ್ಡ ಬೇರಿಂಗ್‌ಗೆ ಬೀಳುತ್ತದೆ. ಕಾಲು ತೆಗೆದಾಗ ಗಾಡಿಯೇ ಎಂಜಿನ್ನನ್ನು ಎಳೆಯುತ್ತದೆ, ಒತ್ತಡದ ದಿಕ್ಕು ತಿರುಗಿ ಫ್ಲಾಂಜ್ (ಪ್ರೊಪೆಲ್ಲರ್ ಶಾಫ್ಟ್ ಸೇರುವ ತಟ್ಟೆ) ಕಡೆಯ ಸಣ್ಣ ಬೇರಿಂಗ್‌ಗೆ ಬೀಳುತ್ತದೆ. ಅದು ಸವೆದು ಪ್ರಿಲೋಡ್ (ಜೋಡಿಸುವಾಗಲೇ ಬೇರಿಂಗ್‌ಗೆ ಕೊಟ್ಟ ಬಿಗಿತ) ಹೋಗಿದ್ದರೆ ಪಿನಿಯನ್ ಕ್ರೌನ್ ಕಡೆಗೆ ಸರಿದು ಹಲ್ಲುಗಳು ತಪ್ಪು ಜಾಗದಲ್ಲಿ ಕೂಡುತ್ತವೆ, ಕೂಗು ಹುಟ್ಟುತ್ತದೆ. ಆಯಿಲ್ ತಲುಪಲು ಅತಿ ಕಷ್ಟದ ಜಾಗವೂ ಈ ಬೇರಿಂಗೇ. ಕಡಿದಾದ ಏರಿನಲ್ಲಿ ಹಿಂದಿನ ಆಕ್ಸಲ್‌ನ ಪಿನಿಯನ್ ಮೇಲಕ್ಕೆ ಮುಖ ಮಾಡುತ್ತದೆ, ಆಯಿಲ್ ಹಿಂದಕ್ಕೆ ಹರಿಯುತ್ತದೆ. ಲೆವೆಲ್ ಕಡಿಮೆ ಇದ್ದರೆ ಮೊದಲು ಒಣಗುವುದು ಇದು. ಮುಂದಿನ ಆಕ್ಸಲ್‌ನಲ್ಲಿ ಪಿನಿಯನ್ ಹಿಂದಕ್ಕೆ ಮುಖ ಮಾಡಿರುವುದರಿಂದ ಅಲ್ಲಿ ಇಳಿಜಾರಿನಲ್ಲಿ ಈ ಸಮಸ್ಯೆ.

ಉಳಿದ ಶಬ್ದಗಳನ್ನೂ ತಿಳಿದಿರಿ. ಎಳೆಯುವಾಗ ಮಾತ್ರ ಕೂಗಿದರೆ ಹಲ್ಲುಗಳ ಎಳೆಯುವ ಮುಖ ಸವೆದಿರಬಹುದು, ಅಥವಾ ತಲೆಯ ಕಡೆಯ ಬೇರಿಂಗ್ ಹೋಗಿರಬಹುದು. ತಿರುವಿನಲ್ಲಿ ಮಾತ್ರ ಗೊರಗೊರ ಎಂದರೆ ಹೊರಬದಿಯ ಹಬ್ ಬೇರಿಂಗ್. ತಿರುವಿನಲ್ಲಿ ಕಟಕಟ ಎಂದರೆ ಡಿಫರೆನ್ಷಿಯಲ್ ಒಳಗಿನ ಸ್ಪೈಡರ್ ಗೇರ್; ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವ ವ್ಯವಸ್ಥೆ) ಇದ್ದರೆ ಅದರ ಪ್ಲೇಟ್‌ಗಳು. ಒಂದು ಹಲ್ಲು ಮುರಿದಿದ್ದರೆ ಲೆಕ್ಕ ಹಾಕಿಯೇ ಹಿಡಿಯಬಹುದು. ಟಯರ್ ಸುತ್ತಳತೆ 2.3 ಮೀಟರ್, ಅನುಪಾತ 4.1 (ಚಕ್ರದ ಒಂದು ಸುತ್ತಿಗೆ ಪಿನಿಯನ್ 4.1 ಸುತ್ತು) ಎಂದಿಟ್ಟುಕೊಳ್ಳಿ. ಗಂಟೆಗೆ 5 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 36 ಸುತ್ತು, ಪಿನಿಯನ್ ಸುಮಾರು 149 ಸುತ್ತು. ಚಕ್ರದ ಒಂದು ಸುತ್ತಿಗೆ ಒಂದೇ ಹೊಡೆತ ಬಿದ್ದರೆ ಕ್ರೌನ್ ಹಲ್ಲು, ನಾಲ್ಕು ಹೊಡೆತ ಬಿದ್ದರೆ ಪಿನಿಯನ್ ಹಲ್ಲು. ಟಯರ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಒಬ್ಬರು ನಿಧಾನ ಓಡಿಸುವಾಗ ಇನ್ನೊಬ್ಬರು ಪಕ್ಕದಲ್ಲಿ ನಡೆದು ಎಣಿಸಿದರೆ ಸಾಕು.

ಬಿಚ್ಚುವ ಮೊದಲು ಕೈಯಿಂದ ನೋಡುವ ಪರೀಕ್ಷೆ ಅರ್ಧ ಗಂಟೆಯದು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಗಟ್ಟಿ ಮರದ ತುಂಡು ಕೊಟ್ಟು, ಹಿಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಗೇರ್ ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಬಿಡಿ. ಮೊದಲು ಪ್ರೊಪೆಲ್ಲರ್ ಶಾಫ್ಟ್‌ನ ಯೂನಿವರ್ಸಲ್ ಜಾಯಿಂಟ್‌ಗಳನ್ನು ತಿರುಚಿ ನೋಡಿ. ಹೊರಡುವಾಗಿನ ನಿಮ್ಮ 'ಟಕ್' ಅಲ್ಲಿಂದಲೇ ಬರುತ್ತಿರಬಹುದು. ನೀರಿನಲ್ಲಿ ಮುಳುಗಿದ ಜಾಯಿಂಟ್‌ಗೆ ಗ್ರೀಸ್ ಹೊಡೆಯದಿದ್ದರೆ ಸೂಜಿ ರೋಲರ್‌ಗಳು ತುಕ್ಕು ಹಿಡಿಯುತ್ತವೆ, ಕಪ್‌ನ ಬಾಯಿಯಲ್ಲಿ ಕೆಂಪು ಪುಡಿ ಕಾಣುತ್ತದೆ. ಆಮೇಲೆ ಶಾಫ್ಟ್ ಕಳಚಿ, ಪಿನಿಯನ್ ಫ್ಲಾಂಜನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ. ತಿರುಗುವ ದಿಕ್ಕಿನಲ್ಲಿ ಸ್ವಲ್ಪ ಪ್ಲೇ ಇರಬೇಕಾದ್ದೇ. ಮೇಲೆ ಕೆಳಗೆ ಅಥವಾ ಉದ್ದಕ್ಕೆ ಕೈಗೆ ಗೊತ್ತಾಗುವಷ್ಟು ಅಲ್ಲಾಡಿದರೆ ಪಿನಿಯನ್ ಬೇರಿಂಗ್ ಪ್ರಿಲೋಡ್ ಹೋಗಿದೆ; ಇದರ ಮೇಲೆ ವಾದವಿಲ್ಲ. ಪಿನಿಯನ್ ನಟ್ ಬಿಗಿ ಮಾಡಿ ಸರಿಪಡಿಸುವ ಆಸೆ ಹುಟ್ಟುತ್ತದೆ. ಮಾಡಬೇಡಿ. ಒಳಗಿನ ಕ್ರಶ್ ಸ್ಲೀವ್ (ಪಿನಿಯನ್‌ನ ಎರಡು ಬೇರಿಂಗ್‌ಗಳ ನಡುವೆ ಇದ್ದು ನಟ್ ಬಿಗಿದಂತೆ ಕುಗ್ಗುವ ಕೊಳವೆ) ಒಮ್ಮೆ ಕುಗ್ಗಿದರೆ ಮತ್ತೆ ಹಿಂದಕ್ಕೆ ಬರುವುದಿಲ್ಲ. ಅಂದಾಜಿನಲ್ಲಿ ಬಿಗಿದರೆ ಚಕ್ಕೆ ಎದ್ದ ಬೇರಿಂಗ್ ಮೇಲೆ ಇನ್ನಷ್ಟು ಭಾರ ಹೇರಿದಂತೆ.

ಇಷ್ಟು ಖಚಿತವಾದ ಮೇಲೆ ಗಾಡಿಯನ್ನು ಹೆದ್ದಾರಿಗೆ ಒಯ್ಯಬೇಡಿ, ಭಾರ ಎಳೆಸಬೇಡಿ. ಪಿನಿಯನ್ ಸರಿದಾಡುತ್ತಿರುವಾಗ ಹಲ್ಲುಗಳ ಮೇಲೆ ತಪ್ಪು ಗುರುತು ಬಿದ್ದು ಕ್ರೌನ್ ಪಿನಿಯನ್ ಕೆಡುತ್ತದೆ. ಬೇರಿಂಗ್ ಪೂರ್ತಿ ಒಡೆದರೆ ಪಿನಿಯನ್ ಸಿಕ್ಕಿಕೊಂಡು ಓಡುವ ಗಾಡಿಯ ಹಿಂದಿನ ಚಕ್ರಗಳು ಹಠಾತ್ತಾಗಿ ನಿಲ್ಲಬಹುದು. ಜೀವಕ್ಕೆ ಅಪಾಯವಿರುವುದು ಇಲ್ಲಿ.

ಬಿಚ್ಚುವಾಗ ಅವಸರ ಮಾಡುವವರು ಕಳೆದುಕೊಳ್ಳುವುದು ಅಳತೆಗಳನ್ನು. ಕವರ್ ತೆಗೆದ ಕೂಡಲೇ, ಅಥವಾ ಡಿಫರೆನ್ಷಿಯಲ್ ಮುಂದಿನಿಂದ ಹೊರಬರುವ ಜಾತಿಯಾದರೆ ಆಕ್ಸಲ್ ಶಾಫ್ಟ್ ಎಳೆದು ಅದನ್ನು ಇಡಿಯಾಗಿ ಹೊರತೆಗೆದ ಮೇಲೆ, ಏನನ್ನೂ ಸಡಿಲಿಸದೆ ಮೊದಲು ಡಯಲ್ ಗೇಜ್ ಕೂರಿಸಿ. ಕ್ರೌನ್ ಹಲ್ಲಿನ ಮೇಲೆ ಬ್ಯಾಕ್‌ಲ್ಯಾಶ್ (ಎರಡು ಗೇರ್‌ಗಳ ಹಲ್ಲುಗಳ ನಡುವಿನ ಸಡಿಲ) ನೋಡಿ, ಸುತ್ತಲೂ ನಾಲ್ಕು ಕಡೆ. ಬಹುತೇಕ ಆಕ್ಸಲ್‌ಗಳಲ್ಲಿ 0.13ರಿಂದ 0.20 ಮಿ.ಮೀ. ಸುತ್ತ ಇರಬೇಕು, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಸಂಖ್ಯೆಯೇ ಅಂತಿಮ. ನಾಲ್ಕು ಕಡೆಯ ಅಳತೆಗಳಲ್ಲಿ 0.08 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕ್ರೌನ್ ಸೊಟ್ಟಗೆ ತಿರುಗುತ್ತಿದೆ, ಅಥವಾ ಕ್ಯಾರಿಯರ್ (ಕ್ರೌನ್ ಕೂರಿಸಿದ ಗೂಡು) ಬೇರಿಂಗ್ ಸವೆದಿದೆ. ನಂತರ ಹಲ್ಲುಗಳಿಗೆ ಮಾರ್ಕಿಂಗ್ ಪೇಸ್ಟ್ ಹಚ್ಚಿ, ಕ್ರೌನ್‌ಗೆ ಸ್ವಲ್ಪ ತಡೆ ಕೊಟ್ಟು ಎರಡೂ ದಿಕ್ಕಿಗೆ ತಿರುಗಿಸಿ, ಬಿದ್ದ ಗುರುತಿನ ಫೋಟೊ ತೆಗೆದಿಟ್ಟುಕೊಳ್ಳಿ. ಬೇರಿಂಗ್ ಕ್ಯಾಪ್‌ಗಳಿಗೆ ಎಡ ಬಲ ಪಂಚ್ ಗುರುತು ಹಾಕಿ. ಅವನ್ನು ಹೌಸಿಂಗ್ ಜೊತೆಯಲ್ಲೇ ಕೊರೆದಿರುತ್ತಾರೆ, ಅದಲುಬದಲು ಆದರೆ ಬೇರಿಂಗ್ ಗುಂಡಗೆ ಕೂರುವುದಿಲ್ಲ. ಶಿಮ್‌ಗಳು (ಅಂತರ ಹೊಂದಿಸುವ ತೆಳು ಬಿಲ್ಲೆಗಳು) ಯಾವ ಬದಿಯವು ಎಂದು ಬರೆದು ಬೇರೆ ಬೇರೆ ಚೀಲಕ್ಕೆ ಹಾಕಿ.

ಹಲ್ಲುಗಳನ್ನು ಬೆಳಕಿನಲ್ಲಿ ನೋಡಿ ತೀರ್ಮಾನಿಸುವುದು ಹೀಗೆ. ಮುಖ ನುಣ್ಣಗೆ, ಒಂದೇ ಬಣ್ಣದ ಹೊಳಪು ಇದ್ದರೆ ಉಳಿಸಿಕೊಳ್ಳಿ. ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಅಲ್ಲಲ್ಲಿ ಇದ್ದು, ಉಗುರಿಗೆ ತಗಲದಿದ್ದರೆ ಅದೂ ನಡೆಯುತ್ತದೆ. ಉಗುರಿಗೆ ಸಿಗುವ ಗುಳಿ, ಹಲ್ಲಿನ ಬುಡದಿಂದ ತುದಿಗೆ ಎಳೆದಂತಹ ಗೀರುಗಳು, ನೀಲಿ ಬಣ್ಣ, ಅಂಚು ಮುರಿತ: ಇವುಗಳಲ್ಲಿ ಒಂದಿದ್ದರೂ ಕ್ರೌನ್ ಮತ್ತು ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಅವು ಕಾರ್ಖಾನೆಯಲ್ಲಿ ಒಟ್ಟಿಗೆ ಉಜ್ಜಿ ಹೊಂದಿಸಿದ ಜೋಡಿ, ಒಂದನ್ನೇ ಬದಲಿಸಿದರೆ ಮತ್ತೆ ಕೂಗುತ್ತದೆ. ಸವೆದು ಕೂಗಲು ಶುರುವಾದ ಹಲ್ಲುಗಳನ್ನು ಶಿಮ್ ಬದಲಿಸಿ ಸುಮ್ಮನಾಗಿಸಲು ಹೋಗಬೇಡಿ. ಹಳೆಯ ಹಲ್ಲುಗಳು ತಮ್ಮ ಹಳೆಯ ಜಾಗದಲ್ಲೇ ಇರಬೇಕು.

ಹಲ್ಲು ಚೆನ್ನಾಗಿದ್ದರೆ ಬದಲಿಸಬೇಕಾದವು: ಪಿನಿಯನ್‌ನ ಎರಡು ಬೇರಿಂಗ್ ಕಪ್‌ಗಳ ಸಮೇತ, ಕ್ಯಾರಿಯರ್‌ನ ಎರಡು ಬೇರಿಂಗ್, ಹೊಸ ಕ್ರಶ್ ಸ್ಲೀವ್, ಹೊಸ ಪಿನಿಯನ್ ನಟ್, ಪಿನಿಯನ್ ಸೀಲ್, ಎರಡೂ ಆಕ್ಸಲ್ ಸೀಲ್. ಕೆಟ್ಟ ಬೇರಿಂಗ್ ಒಂದನ್ನೇ ಬದಲಿಸುವುದು ಸುಳ್ಳು ಉಳಿತಾಯ. ಅದರಿಂದ ಎದ್ದ ಚೂರುಗಳನ್ನು ಕ್ರೌನ್ ಎರಚಿ ಉಳಿದ ಮೂರಕ್ಕೂ ಹಂಚಿರುತ್ತದೆ. ಆಕ್ಸಲ್ ಆಯಿಲ್‌ನಿಂದಲೇ ನೆನೆಯುವ ಹಬ್ ಬೇರಿಂಗ್ ಇದ್ದರೆ ಅವನ್ನೂ ತೊಳೆದು, ಒಣಗಿಸಿ, ಕೈಯಲ್ಲಿ ತಿರುಗಿಸಿ ನೋಡಿ; ಒರಟು ತಗಲಿದರೆ ಅವೂ ಹೊಸತಾಗಲಿ. ಪಿನಿಯನ್ ಹಿಂದಿನ ಶಿಮ್ ಹಳೆಯದೇ ಇರಲಿ, ಆದರೆ ಹಳೆಯ ಮತ್ತು ಹೊಸ ಬೇರಿಂಗ್‌ಗಳ ದಪ್ಪವನ್ನು ಮೈಕ್ರೋಮೀಟರ್‌ನಿಂದ ಅಳೆದು ವ್ಯತ್ಯಾಸವಿದ್ದಷ್ಟು ಶಿಮ್ ಹೊಂದಿಸಿ. ಪ್ರಿಲೋಡನ್ನು ನಟ್‌ನ ಬಿಗಿತದಿಂದ ಅಳೆಯುವಂತಿಲ್ಲ. ಪಿನಿಯನ್ ತಿರುಗಿಸಲು ಬೇಕಾಗುವ ಟಾರ್ಕ್‌ನಿಂದ ಅಳೆಯಬೇಕು. ಹೊಸ ಬೇರಿಂಗ್‌ಗೆ ಅದು ಸಾಮಾನ್ಯವಾಗಿ 2ರಿಂದ 3 ನ್ಯೂಟನ್ ಮೀಟರ್ ಆಸುಪಾಸು. ಇಲ್ಲೂ ಸರ್ವಿಸ್ ಪುಸ್ತಕ ನೋಡಿ. ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿದು ಪ್ರತಿ ಸಲ ಅಳೆಯಿರಿ. ದಾಟಿಹೋದರೆ ಸಡಿಲಿಸಿ ಸರಿಮಾಡುವ ದಾರಿಯಿಲ್ಲ, ಇನ್ನೊಂದು ಹೊಸ ಸ್ಲೀವ್ ಹಾಕಬೇಕು.

ಜೋಡಿಸುವ ಮೊದಲು ಹೌಸಿಂಗ್ ಮತ್ತು ಟ್ಯೂಬ್‌ಗಳು ಸ್ವಚ್ಛವಾಗಬೇಕು. ಇಲ್ಲಿ ಸೋಮಾರಿತನ ತೋರಿದರೆ ಹೊಸ ಬೇರಿಂಗ್ ಕೂಡ ಅದೇ ಮರಳಿನಲ್ಲಿ ಓಡುತ್ತದೆ. ಆಕ್ಸಲ್ ಶಾಫ್ಟ್ ಎರಡನ್ನೂ ಎಳೆದು, ಉದ್ದನೆಯ ಕೋಲಿಗೆ ನೂಲು ಬಿಡದ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ ತುದಿಯಿಂದ ನಡುವಿನ ಕಡೆಗೆ ತಳ್ಳಿ ಒರೆಸಿ. ಒಂದು ಬದಿ ಎತ್ತರಿಸಿ 15 ನಿಮಿಷ ಬಿಡಿ, ಆಮೇಲೆ ಇನ್ನೊಂದು ಬದಿ. ಟ್ಯೂಬ್‌ನಲ್ಲಿ ನಿಂತ ನೀರು ನಡುವಿಗೆ ಬರುತ್ತದೆ. ಬಟ್ಟೆ ಕೊಳೆಯಿಲ್ಲದೆ ಬರುವವರೆಗೆ ಮಾಡಿ, ಪೂರ್ತಿ ಒಣಗಲು ಬಿಡಿ. ಬಿಚ್ಚದ ಆಕ್ಸಲ್‌ಗೆ ಸೀಮೆಎಣ್ಣೆಯೋ ಡೀಸೆಲ್ಲೋ ಸುರಿದು ಗಾಡಿ ಓಡಿಸಿ ತೊಳೆಯುವ ಪದ್ಧತಿ ಮಾತ್ರ ಬೇಡ. ಹಲ್ಲುಗಳ ನಡುವಿನ ಒತ್ತಡ ತಡೆಯುವ ಶಕ್ತಿ ಅದಕ್ಕಿಲ್ಲ, ಉಳಿದ ಅಂಶ ಹೊಸ ಆಯಿಲನ್ನೂ ತೆಳುವಾಗಿಸುತ್ತದೆ.

ಫ್ಲಶ್ಶಿಂಗ್ ಎಲ್ಲಿ ಸರಿ ಎಂದರೆ, ನೀರು ಹೋಗಿ ಒಂದೆರಡು ದಿನವಷ್ಟೇ ಆಗಿ, ಶಬ್ದವಿಲ್ಲದೆ, ಚಕ್ಕೆಯಿಲ್ಲದೆ ಇರುವಾಗ. ಅದೇ ಗ್ರೇಡಿನ ಅಗ್ಗದ ಗೇರ್ ಆಯಿಲ್ ತುಂಬಿ, 10–20 ಕಿ.ಮೀ. ಮೆಲ್ಲಗೆ ಓಡಿಸಿ, ಬಿಸಿಯಿರುವಾಗಲೇ ಇಳಿಸಿ. ತಿಳಿಯಾಗಿ ಬರುವವರೆಗೆ ಹೀಗೆ ಎರಡು ಮೂರು ಸಲ.

ಟ್ರಾನ್ಸ್‌ಫರ್ ಕೇಸ್ ಬಗ್ಗೆ ಹೆಚ್ಚು ಚಿಂತೆ ಬೇಡ. ಗೇರ್ ಆಯಿಲ್ ಬಿಸಿಗೆ, ವಯಸ್ಸಿಗೆ ಕಪ್ಪಾಗುತ್ತದೆ. ಗೇರ್ ಆಯಿಲ್‌ನ ಗಂಧಕದ ವಾಸನೆಯನ್ನು ಸುಟ್ಟ ವಾಸನೆ ಎಂದು ತಪ್ಪು ತಿಳಿಯುವವರಿದ್ದಾರೆ. ಹೊಸ ಆಯಿಲ್ ಡಬ್ಬಿ ಮೂಸಿ ಹೋಲಿಸಿ. ಸೋಸಿದಾಗ ಅಲ್ಯೂಮಿನಿಯಂ ಸಿಗದಿದ್ದರೆ, ಫೋರ್ ವೀಲ್‌ನಲ್ಲಿ ಭಾರ ಎಳೆಯುವಾಗ ಚೈನ್ ಹಾರಿದಂತೆ ಜೋರು ಸದ್ದು ಬರದಿದ್ದರೆ, ಆಯಿಲ್ ಬದಲಿಸಿ ಮುಂದುವರಿಯಿರಿ. ಒಂದು ವಿಷಯ ಮಾತ್ರ ಗಮನಿಸಿ. ಇಳಿಸಿದ ಪ್ರಮಾಣ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಹೆಚ್ಚಿದ್ದು, ಗೇರ್‌ಬಾಕ್ಸ್‌ನಲ್ಲಿ ಅಷ್ಟೇ ಕಡಿಮೆ ಇದ್ದರೆ ಎರಡರ ನಡುವಿನ ಸೀಲ್ ಹೋಗಿದೆ. ಗಟ್ಟಿ ನೆಲದ ಮೇಲೆ ಫೋರ್ ವೀಲ್ ಹಾಕಿಕೊಂಡು ಓಡಿಸುವ ಅಭ್ಯಾಸವಿದ್ದರೆ ಬಿಡಿ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳ ಸುತ್ತು ಹೊಂದದೆ ಚೈನ್, ಜಾಯಿಂಟ್, ಹಲ್ಲುಗಳೆಲ್ಲ ತಿರುಚಿ ನಿಲ್ಲುತ್ತವೆ. ಮುಂದೆ ಹಿಂದೆ ಬೇರೆ ಅಳತೆಯ ಅಥವಾ ಬೇರೆ ಸವೆತದ ಟಯರ್ ಹಾಕಿದರೂ ಇದೇ ಆಗುತ್ತದೆ.

ಮುಂದಿನ ಆಕ್ಸಲ್‌ನಲ್ಲಿ ಹೊರಗೆ ಸೋರದೆ ಕಾಲು ಲೀಟರ್ ಎಲ್ಲಿ ಹೋಯಿತು? ಸುಜುಕಿ ಜಿಮ್ನಿ, ಹಳೆಯ ಟೊಯೊಟಾ ಲ್ಯಾಂಡ್ ಕ್ರೂಸರ್‌ಗಳಂತೆ ನಿಮ್ಮದರಲ್ಲೂ ಚಕ್ರದ ಹತ್ತಿರ ಗುಂಡನೆಯ ಮುಚ್ಚಿದ ನಕಲ್ (ಚಕ್ರ ತಿರುಗಿಸುವ ಕೀಲಿನ ಗೂಡು) ಇದ್ದರೆ ಉತ್ತರ ಅಲ್ಲೇ ಇದೆ. ಆಕ್ಸಲ್ ಟ್ಯೂಬ್ ತುದಿಯ ಒಳ ಸೀಲ್ ಸವೆದು ಗೇರ್ ಆಯಿಲ್ ನಕಲ್‌ಗೆ ಹರಿದಿದೆ, ಅಲ್ಲಿನ ಗ್ರೀಸ್ ಜೊತೆ ಬೆರೆತು ತೆಳುವಾಗಿದೆ. ನಕಲ್‌ನ ತುಂಬು ಪ್ಲಗ್ ತೆಗೆದು ತಂತಿ ಅದ್ದಿ ನೋಡಿ. ಗಟ್ಟಿ ಗ್ರೀಸ್ ಬದಲು ಕಪ್ಪು ತೆಳು ದ್ರವ ಅಂಟಿದರೆ ನಕಲ್ ಬಿಚ್ಚಿ ಒಳ ಸೀಲ್, ಹೊರಗಿನ ಒರೆಸುವ ಸೀಲ್ ಎರಡನ್ನೂ ಬದಲಿಸಿ, ಹಳೆಯ ಗ್ರೀಸ್ ಪೂರ್ತಿ ತೊಳೆದು ಹೊಸ ಮೊಲಿ (ಮೊಲಿಬ್ಡಿನಮ್ ಬೆರೆಸಿದ) ಗ್ರೀಸ್ ತುಂಬಿ. ತೆಳುವಾದ ಗ್ರೀಸ್‌ನಲ್ಲಿ ತಿರುವಿನ ಜಾಯಿಂಟ್ ಬೇಗ ಸವೆಯುತ್ತದೆ. ನೀರು ದಾಟುವಾಗ ಆ ಸವೆದ ಸೀಲ್‌ಗಳೇ ನೀರಿಗೆ ದಾರಿ.

ಬ್ರೀದರ್ ಸರಿಪಡಿಸದೆ ಗಾಡಿ ಮತ್ತೆ ನೀರಿಗೆ ಇಳಿಯಬಾರದು. ಹಳೆಯ ಬ್ರೀದರ್ ತೆಗೆದು ಊದಿ ನೋಡಿ, ಗಾಳಿ ಸಲೀಸಾಗಿ ಹೋಗದಿದ್ದರೆ ಎಸೆಯಿರಿ. ಅದರ ಜಾಗದಲ್ಲಿ ನಿಪ್ಪಲ್ ಹಾಕಿ, 6ರಿಂದ 8 ಮಿ.ಮೀ. ಒಳ ವ್ಯಾಸದ, ಆಯಿಲ್ ತಡೆಯುವ ಹೋಸ್ ಕೂರಿಸಿ, ಬಾನೆಟ್ ಕೆಳಗೆ ಎಂಜಿನ್ ಇರುವ ಜಾಗದ ಮೇಲ್ಭಾಗದವರೆಗೆ ಒಯ್ದು ತುದಿಗೆ ಸಣ್ಣ ಫಿಲ್ಟರ್ ಹಾಕಿ. ನಡುವೆ ಎಲ್ಲೂ ಜೋತು ಬೀಳಬಾರದು, ಬಿದ್ದಲ್ಲಿ ನೀರು ನಿಂತು ಹೋಸ್ ಮುಚ್ಚುತ್ತದೆ. ಆಕ್ಸಲ್ ಮೇಲೆ ಕೆಳಗೆ ಆಡುವಷ್ಟು ಉದ್ದ ಉಳಿಸಿ. ಮುಂದಿನ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗಳಿಗೂ ಹೀಗೆಯೇ ಮಾಡಿ.

ತುಂಬುವ ಆಯಿಲ್ ಹಿಂದಿನ ಆಕ್ಸಲ್‌ಗೆ ಜಿಎಲ್-5 (ಗೇರ್ ಆಯಿಲ್‌ನ ಒಂದು ದರ್ಜೆ), ಪುಸ್ತಕ ಹೇಳಿದ ದಪ್ಪದ್ದು. ಹೆಚ್ಚಿನವಕ್ಕೆ 75ಡಬ್ಲ್ಯೂ-90 ಅಥವಾ 80ಡಬ್ಲ್ಯೂ-90. ಇದನ್ನೇ ಗೇರ್‌ಬಾಕ್ಸ್‌ಗೂ ಸುರಿಯಬೇಡಿ. ಹಿತ್ತಾಳೆ ಸಿಂಕ್ರೊ ಇರುವ ಅನೇಕ ಗೇರ್‌ಬಾಕ್ಸ್‌ಗಳು ಜಿಎಲ್-4 ಕೇಳುತ್ತವೆ, ಕೆಲವು ಟ್ರಾನ್ಸ್‌ಫರ್ ಕೇಸ್‌ಗಳು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಕೇಳುತ್ತವೆ. ಲಿಮಿಟೆಡ್ ಸ್ಲಿಪ್ ಇದ್ದರೆ ಅದಕ್ಕೆ ಹೇಳಿದ ಫ್ರಿಕ್ಷನ್ ಮಾಡಿಫೈಯರ್ ಬೇಕು. ಗಾಡಿ ಸಮತಟ್ಟಾಗಿದ್ದು, ಫಿಲ್ಲರ್ ತೂತಿನ ಕೆಳ ಅಂಚಿಗೆ ಆಯಿಲ್ ಬರುವಷ್ಟು ತುಂಬಿದರೆ ಸಾಕು. ಸ್ವಲ್ಪ ಓಡಿಸಿ, ಟ್ಯೂಬ್‌ಗಳಿಗೆ ಹರಿದ ಮೇಲೆ ಮತ್ತೆ ಲೆವೆಲ್ ನೋಡಿ.

ಮೊದಲ ಓಟ 20–25 ಕಿ.ಮೀ. ಮೆಲ್ಲಗೆ, ಆಮೇಲೆ ಪೂರ್ತಿ ತಣಿಯಲು ಬಿಡಿ. ಹೀಗೆ ಮೂರ್ನಾಲ್ಕು ಸಲ. ಮೊದಲ ಓಟ ಮುಗಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಪಿನಿಯನ್ ಕುತ್ತಿಗೆ ಮತ್ತು ಎರಡೂ ಕ್ಯಾರಿಯರ್ ಬದಿಗಳನ್ನು ನೋಡಿ. ಪಿನಿಯನ್ ಕಡೆ ಸ್ವಲ್ಪ ಹೆಚ್ಚಿರುವುದು ಸಹಜ, ಆದರೆ 120 ಡಿಗ್ರಿ ದಾಟಿದರೆ ಪ್ರಿಲೋಡ್ ಅತಿಯಾಗಿದೆ, ನಿಲ್ಲಿಸಿ. 800 ಕಿ.ಮೀ.ಗೆ ಆಯಿಲ್ ಇಳಿಸಿ, ಲೆಕ್ಕಕ್ಕೆ ಇರಲಿ ಎಂದು 100 ಮಿ.ಲೀ. ಲ್ಯಾಬ್‌ಗೆ ಕಳಿಸಬಹುದು. ಕಳಿಸುವುದಾದರೆ ಪಿಕ್ಯೂ ಸೂಚ್ಯಂಕವನ್ನೂ (ದೊಡ್ಡ ಚೂರುಗಳೂ ಸೇರಿದ ಕಬ್ಬಿಣದ ಅಳತೆ) ಕೇಳಿ ಪಡೆಯಿರಿ. ಸಾಮಾನ್ಯ ಸ್ಪೆಕ್ಟ್ರೋಮೀಟರ್ ಕೆಲವೇ ಮೈಕ್ರಾನ್‌ಗಿಂತ ದೊಡ್ಡ ಚೂರುಗಳನ್ನು ಸರಿಯಾಗಿ ಎಣಿಸುವುದಿಲ್ಲ, ನಿಮಗೆ ಸಿಕ್ಕಂತಹ ಚಕ್ಕೆಗಳಿದ್ದರೂ ವರದಿ ಚೆನ್ನಾಗಿಯೇ ಬರಬಹುದು. ಸಿಲಿಕಾನ್ ಹೆಚ್ಚು ಬಂದರೆ ಮರಳು ಎಂದು ಹೆದರುವ ಮೊದಲು ಕವರ್‌ಗೆ ಹಚ್ಚಿದ ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟ್ ನೆನಪಿಸಿಕೊಳ್ಳಿ, ಅದೂ ಅಲ್ಲಿ ಕಾಣಿಸಿಕೊಳ್ಳುತ್ತದೆ. ಆ 800 ಕಿ.ಮೀ. ಆಯಿಲ್‌ನಲ್ಲಿ ನುಣುಪು ಬೂದು ಜಿಡ್ಡು ಮಾತ್ರ ಸಿಕ್ಕರೆ ಕೆಲಸ ಸರಿಯಾಗಿದೆ. ಒಂದೇ ಒಂದು ಹೊಸ ಚಕ್ಕೆ ಸಿಕ್ಕರೂ ಕವರ್ ಮತ್ತೆ ತೆಗೆಸಿ.